ಮೂರು ಖಾನೆಯ ಕೊಳಾಯಿ

“ಯಾರು ಬೇಕಾದ್ರೂ ಮಾಡಬಹುದು ಸರ್” ಎಂದು ಕೊಳಾಯಪ್ಪ ಬೆಳಗ್ಗೆ ಬೆಳಗ್ಗೆಯೇ ಬಾಯಿ ಬಿಟ್ಟ. ಅಲ್ಲಿಗೆ ಕೆಲಸ ಕೆಟ್ಟಿತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಬಿಡಿ. ಚಪ್ಪಲಿ ಅಂಗಡಿಗಳ ಕಂಪನಿಯೊಂದರ ಮುಖ್ಯ ಕಚೇರಿಯಲ್ಲಿ ಅವನ ಕೆಲಸ. ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿರುವ ದಾಸ್ತಾನು, ಬೆಲೆಗಳ ಟೇಬಲ್ಲುಗಳು, ಅಂದರೆ ಪಟ್ಟಿಗಳು, ಮುಖ್ಯ ಕಚೇರಿಯ ಟೇಬಲ್ಲುಗಳ ಜೊತೆ ತಾಳೆಯಾಗುವಂತೆ ನೋಡಿಕೊಳ್ಳಬೇಕು. ಅದಕ್ಕೆ ಕಟ್ಟುವ ವ್ಯವಸ್ಥೆಯನ್ನು ಪೈಪ್‌ಲೈನ್ ಅನ್ನುತ್ತಾರೆಂದು ಗೊತ್ತಾದ ದಿನದಿಂದ ಆಫೀಸಿಗೆಲ್ಲ ಅವನು ಕೊಳಾಯಪ್ಪ. ಒಂದೊಂದು ಅಂಗಡಿಗೂ, ಒಂದೊಂದು ಟೇಬಲ್ಲಿಗೂ ಬೇರೆ ಬೇರೆ ಪೈಪ್‌ಲೈನ್. ಯಾವುದು ಎಲ್ಲಿಗೆ ಹೋಗುತ್ತದೆಂಬುದು ಅವನೊಬ್ಬನಿಗೇ ಗೊತ್ತು. ಹಾಗಾಗಿ ಅವನಿಗೆ ರಜೆಯೆಂಬುದು ಗಗನಕುಸುಮ.

ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳಿದ್ದೇ ಬಂತು. ಕಣ್ಣಾಸ್ಪತ್ರೆಯ ಕಚೇರಿಯಲ್ಲಿ ದುಡಿಯುವ ಆಕೆ ಈ ಸಲ ಕಾಡಿ ಬೇಡಿ ರಜೆ ಗಿಟ್ಟಿಸಿದ್ದಳು. ಇವತ್ತೇ ಸಂಜೆ ಬಸ್ಸು. “ಈ ಸಲವೂ ಕೈಕೊಟ್ರೆ ನಾನೊಬ್ಬಳೇ ಹೋಗ್ತೀನಿ. ನೀವು ಆ ಪೈಪಿನ ಜೊತೆಗೇ ಸಂಸಾರ ಮಾಡ್ಕೊಂಡಿರಿ” ಎಂದು ತಿಂಡಿ ಬಡಿಸುವಾಗಲೇ ಹೇಳಿ ಕಳಿಸಿದ್ದಳು.

ಆ ಭಯಕ್ಕೇ ಅವನು ಹಳೆಯ ಪೈಪ್‌ಲೈನುಗಳನ್ನೆಲ್ಲ ಕಿತ್ತುಹಾಕಿ, ಎಲ್ಲಕ್ಕೂ ಆಗುವ ಒಂದೇ ಒಂದನ್ನು ಕಟ್ಟಿದ್ದ. ಮೂರು ಖಾನೆ: ಎಲ್ಲಿಂದ, ಎಲ್ಲಿಗೆ, ಯಾವ ಟೇಬಲ್. ತುಂಬಿಸಿ ಗುಂಡಿ ಒತ್ತಿದರೆ ಇಲ್ಲಿದ್ದುದು ಅಳಿಸಿಹೋಗಿ, ಅಲ್ಲಿರುವುದು ಹಾಗೇ ಬಂದು ಕೂರುತ್ತದೆ.

“ಯಾರು ಬೇಕಾದ್ರೂನಾ? ಹಾಗಾದ್ರೆ ಎಲ್ಲರ ಕೈಲೂ ಮಾಡಿಸಿ ತೋರ್ಸಯ್ಯ. ಆಮೇಲೆ ನಿನ್ನ ರಜೆಗೆ ಸಹಿ” ಎಂದರು ಸಾಹೇಬರು.

ಮೊದಲು ಬಂದವಳು ಲೆಕ್ಕ ವಿಭಾಗದ ಅಕ್ಕ. ಇನ್ನೂ ಬಾಗಿಲು ತೆರೆಯದ ಹೊಸ ಅಂಗಡಿಗೆ ದಾಸ್ತಾನಿನ ಟೇಬಲ್ ಕಳಿಸಬೇಕಿತ್ತು. ತುಂಬಿಸಿದಳು, ಒತ್ತಿದಳು. ಮರುಕ್ಷಣವೇ ಗೋದಾಮಿನಿಂದ ಫೋನು: “ಸ್ವಾಮೀ, ಚಪ್ಪಲಿ ಬೆಟ್ಟದ ಹಾಗೆ ಬಿದ್ದಿವೆ, ಕಂಪ್ಯೂಟರ್ ನೋಡಿದ್ರೆ ಒಂದೂ ಇಲ್ಲ ಅಂತಿದೆ!”

ಅಕ್ಕ ‘ಎಲ್ಲಿಂದ’ದಲ್ಲಿ ಖಾಲಿ ಅಂಗಡಿಯನ್ನೂ ‘ಎಲ್ಲಿಗೆ’ಯಲ್ಲಿ ಮುಖ್ಯ ಕಚೇರಿಯನ್ನೂ ಬರೆದಿದ್ದಳು.

“ತಿರುಗಾ ಮುರುಗಾ ಮಾಡಿದ್ರಲ್ಲ ಅಕ್ಕಾ!”

“ಎಲ್ಲಿಗೆ ಹೋಗ್ಬೇಕು ಅಂತ ಮೊದಲು ಗೊತ್ತಾದ್ರೆ ತಾನೇ ಎಲ್ಲಿಂದ ಹೊರಡೋದು ಅನ್ನೋದು? ನಿನ್ನ ಖಾನೆಗಳೇ ತಪ್ಪು ಕಣೋ!”

ಪುಣ್ಯಕ್ಕೆ ಎಲ್ಲದರ ಪ್ರತಿ ಅವನು ಬೆಳಗ್ಗೆಯೇ ತೆಗೆದಿಟ್ಟಿದ್ದ. ಚಪ್ಪಲಿಗಳನ್ನು ವಾಪಸ್ಸು ತಂದು, ‘ಇದನ್ನು ಅಳಿಸಿ ಅದನ್ನು ತುಂಬುತ್ತೀರಿ, ಸರಿಯಾ?’ ಎಂದು ಕೇಳುವ ಪ್ರಶ್ನೆಯೊಂದನ್ನು ಸೇರಿಸಿದ.

ನಂತರ ಜಾಹೀರಾತು ನೋಡಿಕೊಳ್ಳುವ ಗುಂಗುರು ಕೂದಲಿನವನು ಕುಳಿತ. ಒಂದು ಮೂಲೆಯ ಅಂಗಡಿಯಲ್ಲಿ ಹಳೇ ಮಾಲು ಖಾಲಿ ಮಾಡಲು ಎಲ್ಲದಕ್ಕೂ ಅರ್ಧ ಬೆಲೆ ಹಾಕಿದ್ದರು. ಆ ಬೆಲೆಯ ಟೇಬಲ್ಲನ್ನೇ ಆರಿಸಿ, ‘ಎಲ್ಲಿಗೆ’ ಅನ್ನುವುದು ಹೊಳೆಯದೆ ಖಾಲಿ ಬಿಟ್ಟ. ಪ್ರಶ್ನೆ ಬಂತು, ಓದದೆ ‘ಸರಿ’ ಒತ್ತಿದ. ಖಾಲಿ ಬಿಟ್ಟರೆ ಎಲ್ಲ ಅಂಗಡಿಗಳಿಗೂ ಎಂದು ಅರ್ಥವಾಗುವಂತೆ ಕಟ್ಟಿದ್ದವನು ನಮ್ಮ ಕೊಳಾಯಪ್ಪನೇ.

ಎಲ್ಲ ಅಂಗಡಿಗಳಲ್ಲೂ ಅರ್ಧ ಬೆಲೆ! ಜನ ನುಗ್ಗಿದರು. ಆಫೀಸಿನ ಫೋನುಗಳೆಲ್ಲ ಒಟ್ಟಿಗೇ ಅರಚಿಕೊಂಡವು.

“ಏನಯ್ಯಾ ಇದು!” ಎಂದು ಕೊಳಾಯಪ್ಪ ತಲೆ ಮೇಲೆ ಕೈ ಹೊತ್ತ.

“ನನ್ನ ತಟ್ಟೆ ಖಾಲಿ ಇದೆ ಅಂತ ಊರಿನ ಅಡುಗೆಯೆಲ್ಲ ತಂದು ಸುರೀತೀರಾ? ಖಾಲಿ ಅಂದ್ರೆ ಬೇಡ ಅಂತ!” ಎಂದು ಗುಂಗುರು ಕೂದಲಿನವನು ತಿರುಗಿಬಿದ್ದ.

ಮಾತು ಸರಿಯೆಂದು ಕೊಳಾಯಪ್ಪನಿಗೇ ಅನ್ನಿಸಿತು, ಪಾಪ. ಊಟ ಬಿಟ್ಟು ಬೆಲೆಗಳನ್ನು ಸರಿಪಡಿಸಿದ. ಖಾಲಿ ಬಿಟ್ಟರೆ ಮುಂದೆ ಹೋಗದಂತೆ ಮಾಡಿದ. ಅಡ್ಡದಿಡ್ಡಿ ಬರೆಯುವ ರಗಳೆಯೇ ಬೇಡವೆಂದು ಅಂಗಡಿಗಳ ಹೆಸರನ್ನು ಪಟ್ಟಿಯಿಂದ ಆರಿಸಿಕೊಳ್ಳುವಂತೆ ಇಟ್ಟ. ಆಮೇಲೆ ನೋಡಿ, ಅಕ್ಕ ಮಾಡಿದಳು, ಗುಂಗುರು ಕೂದಲಿನವನು ಮಾಡಿದ, ಗೇಟು ಕಾಯುವ ತಾತ ಕೂಡ ಕನ್ನಡಕ ಏರಿಸಿಕೊಂಡು ಮಾಡಿಬಿಟ್ಟ. ಕೊನೆಗೆ ಸಾಹೇಬರೇ ಒತ್ತಿ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

“ಭೇಷ್! ಇನ್ನು ನೀನಿಲ್ಲದಿದ್ರೂ ಇಲ್ಲಿ ಏನೂ ನಿಲ್ಲಲ್ಲ.”

ಈ ಮಾತಿಗೆ ಇಷ್ಟು ಹಿಗ್ಗಿದ ನೌಕರ ಮತ್ತೊಬ್ಬನಿರಲಾರ. ಸಹಿ ಬಿತ್ತು. ಸಾಹೇಬರು ಆಗಲೇ ಫೋನು ಹಿಡಿದಿದ್ದರು: “ತಂಗೀ, ನಿನ್ನ ತಲೆನೋವು ಕಳೀತು ಅಂದ್ಕೋ. ನಮ್ಮ ಹುಡುಗ ಒಂದು ಮಾಡಿದಾನೆ, ಯಾವ ಆಫೀಸಿಗೆ ಬೇಕಾದ್ರೂ ಹೊಂದುತ್ತೆ. ಈಗಲೇ ಕಳಿಸ್ತೀನಿ.” ಕೊಳಾಯಪ್ಪ ಎದೆಯುಬ್ಬಿಸಿಕೊಂಡು ತಾನೇ ಕಳಿಸಿಕೊಟ್ಟು, ಎಲ್ಲರಿಗೂ ಕೈಬೀಸಿ ಹೊರಟ.

ಮನೆಗೆ ಬಂದರೆ ಹೆಂಡತಿ ಸೂಟ್‌ಕೇಸಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಳೆ.

“ಏಳೇ, ಬಸ್ಸಿಗೆ ಹೊತ್ತಾಯ್ತು! ಸಹಿಯಾಗಿದೆ ನೋಡು!”

“ನನ್ನ ರಜೆ ರದ್ದಾಯ್ತು ರೀ.”

“ಯಾಕೆ?”

“ಈಗಷ್ಟೇ ನಮ್ಮ ಆಸ್ಪತ್ರೆ ಮೇಡಮ್ ಫೋನ್ ಮಾಡಿದ್ರು. ಅವರ ಅಣ್ಣ ಏನೋ ಕಳಿಸಿದಾರಂತೆ. ಎಲ್ಲ ಶಾಖೆಗಳ ರೋಗಿಗಳ ಟೇಬಲ್ಲೂ ನಾಳೆಯಿಂದ ಅದರಲ್ಲೇ ಹೊಂದಿಸ್ಬೇಕಂತೆ. ಯಾರು ಮಾಡ್ತೀರಿ ಅಂತ ಕೇಳಿದ್ರೆ ಆಫೀಸಲ್ಲಿ ಎಲ್ಲರೂ ಜಾರಿಕೊಂಡ್ರಂತೆ. ಅದರ ಕೆಳಗೆ ಮಾಡಿದವರು ಅಂತ ನಿಮ್ಮ ಹೆಸರಿತ್ತಂತೆ. ‘ಗಂಡ ಮಾಡಿದ್ದು, ಹೆಂಡತಿಗೆ ಬರದೇ ಇರುತ್ತಾ?’ ಅಂತ ನನ್ನ ತಲೆಗೇ ಕಟ್ಟಿದ್ರು.”

ಕೊಳಾಯಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಆಕೆಗೆ ಸಿಟ್ಟು ಹೋಗಿ ನಗು ಬಂತು. ಎದ್ದು ಲ್ಯಾಪ್‌ಟಾಪು ತಂದು ಅವನ ಪಕ್ಕದಲ್ಲೇ ಕೂತಳು.

“ಹೋಗ್ಲಿ ಬನ್ನಿ, ನಿಧಾನವಾಗಿ ಹೇಳ್ಕೊಡಿ. ಹೇಗೂ ನಿಮಗೆ ರಜೆ ಇದೆಯಲ್ಲ.”