ಕಾಶಿಯಾತ್ರೆಗೆ ಮೂರು ಕೊಡೆ

೧೯೬೪ರ ಮೇ ತಿಂಗಳು, ಗುರುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ: ಸಾಗರದಲ್ಲಿ ನನ್ನ ಅಣ್ಣನ ಮನೆಯ ಜಗಲಿ. ಹಾಜರಿದ್ದವರು: ಅಣ್ಣ, ನನ್ನ ಹೆಂಡತಿ ಸರಸ್ವತಿ ಮತ್ತು ತೀರ್ಥಹಳ್ಳಿಯಿಂದ ಬಂದಿಳಿದ ನಾನು, ನಿವೃತ್ತ ಹೆಡ್‌ಮಾಸ್ತರ.

ಮಾರನೆಯ ಬೆಳಿಗ್ಗೆ ಅಣ್ಣನ ಮಗಳ ಮದುವೆ. ಮದುಮಗ ಸಂಸಾರವೇ ಬೇಡವೆಂದು ಕಾಶಿಗೆ ಹೊರಡುವ ಶಾಸ್ತ್ರಕ್ಕೆ ಹೆಣ್ಣಿನ ಕಡೆಯವರು ಹೊಸ ಕೊಡೆ ಕೊಡಬೇಕು. ಕೋಲು, ಪಾದುಕೆ ಸಿದ್ಧವಿದ್ದವು. ಕೊಡೆ ಮರೆತುಹೋಗಿತ್ತು!

"ಬೀಗರದ್ದು ಮೊದ್ಲೇ ಕೊಂಕು ಬಾಯಿ. ಕೊಡೆ ಇಲ್ಲೆ ಅಂದ್ರೆ ನನ್ನ ಮಾನ ಹೋತು!" ಎಂದ ಅಣ್ಣ.

"ಅರ್ಧ ಗಂಟೇಲಿ ಬತ್ತೆ," ಎಂದು ನಾನು ಎದ್ದೆ.

"ಕಣ್ಣಿಗೆ ಬಿದ್ದಿದ್ದನ್ನ ಹಿಡ್ಕಂಡು ಬನ್ನಿ," ಎಂದಳು ಸರಸ್ವತಿ. ನಾನು ನಕ್ಕೆ. ಆಯ್ಕೆಗೂ ಒಂದು ಕ್ರಮವಿದೆಯಲ್ಲ!

ಮಳೆಗಾಲದ ಸರಕು ಇನ್ನೂ ಬಂದಿರಲಿಲ್ಲ. ಪೇಟೆಯೆಲ್ಲ ಸುತ್ತಿದ ಮೇಲೆ ಒಂದೇ ಅಂಗಡಿಯಲ್ಲಿ ಮೂರು ಕೊಡೆ ಸಿಕ್ಕವು. ನನ್ನ ಕ್ರಮ ಸರಳ: ಎರಡನ್ನು ಹೋಲಿಸುವುದು, ಗೆದ್ದದ್ದನ್ನು ಮೂರನೆಯದರ ಎದುರು ನಿಲ್ಲಿಸುವುದು. ಒಂದನೆಯದರ ಹಿಡಿಕೆ ಚೆಂದ, ಎರಡನೆಯದು ಸೋತಿತು. ಮೂರನೆಯದು ಸಲೀಸಾಗಿ ಬಿಚ್ಚಿಕೊಂಡಿತು, ಒಂದನೆಯದು ಸೋತಿತು. ತೀರ್ಪು ಮುಗಿಯಿತು!

ಅಷ್ಟರಲ್ಲಿ ಎರಡನೆಯದರ ದಪ್ಪ ಬಟ್ಟೆ ಕಣ್ಣಿಗೆ ಬಿತ್ತು. ಅದರ ಮುಂದೆ ಮೂರನೆಯದು ಜರಡಿ! ಹಾಗಾದರೆ ಎರಡನೆಯದೇ ಸೈ. ಆದರೆ ಅದನ್ನು ಆಗಲೇ ಒಂದನೆಯದು ಸೋಲಿಸಿತ್ತಲ್ಲ? ಮತ್ತೆ ಮೊದಲಿನಿಂದ ಶುರು. ಎರಡು ಕೊಡೆ ಎದುರುಬದುರಾದಾಗಲೆಲ್ಲ ನನ್ನ ಮಿದುಳು ತಕ್ಕಡಿಯ ಕಲ್ಲನ್ನೇ ಬದಲಿಸುತ್ತಿತ್ತು: ಒಮ್ಮೆ ಹಿಡಿಕೆ, ಒಮ್ಮೆ ಬಟ್ಟೆ!

"ಮಾಷ್ಟ್ರೇ, ಮದುಮಗ ನಡೆಯೋದು ಅಂಗಳದ ತುದಿವರೆಗೆ. ನಿಜವಾಗ್ಲೂ ಕಾಶಿಗೆ ಹೋಗ್ತಾನಾ?" ಎಂದು ಅಂಗಡಿಯವನು ಕೇಳಿದ.

"ಸ್ವಲ್ಪ ತಾಳಯ್ಯ!"

ಅವನು ತಾಳಿದ. ಮಳೆ ತಾಳಲಿಲ್ಲ. ಗುಡುಗಿನೊಡನೆ ಧೋ ಎಂದು ಸುರಿಯಿತು. ಬಸ್ಸಿಗೆ ಓಡುತ್ತಿದ್ದ ಮೂವರು ಒಳನುಗ್ಗಿ, ಕೈಗೆ ಸಿಕ್ಕ ಒಂದೊಂದು ಕೊಡೆ ಎತ್ತಿ, ದುಡ್ಡು ಕೊಟ್ಟು ಹೋದರು. ಹಿಡಿಕೆ ನೋಡಲಿಲ್ಲ, ಬಟ್ಟೆ ಮುಟ್ಟಲಿಲ್ಲ. ಅವಿವೇಕಿಗಳು!

ಕತ್ತಲಾಗುವಾಗ ತೊಯ್ದು ತೊಪ್ಪೆಯಾಗಿ ಮನೆ ಸೇರಿದೆ.

"ಕೊಡೆ ಎಲ್ಲಿದ್ದು?" ಎಂದಳು ಸರಸ್ವತಿ.

"ಇಲ್ಲೆ," ಎಂದು ಬರಿಗೈ ತೋರಿಸಿದೆ.

ಅಣ್ಣ ಕಂಬಕ್ಕೊರಗಿ ಕುಳಿತುಬಿಟ್ಟ. ಸರಸ್ವತಿ ಪಕ್ಕದ ಮನೆಗೆ ಹೋಗಿ ಪದ್ಮಾವತಮ್ಮನನ್ನು ಕರೆತಂದಳು. ಮಳೆಗಾಲಕ್ಕೆಂದು ತಂದಿಟ್ಟ ಎರಡು ಹೊಸ ಕೊಡೆಗಳು ಆಕೆಯ ಕೈಯಲ್ಲಿದ್ದವು.

"ಯಾವ್ದಾದ್ರೂ ಒಂದು ಇಟ್ಕೊಳಿ. ಮದುಮಗನಿಗೇ ಇರ್ಲಿ. ನಂಗೆ ಆಮೇಲೆ ಹೊಸ್ದು ತಂದ್ಕೊಟ್ರೆ ಸಾಕು," ಎಂದ ಆಕೆ ಅಣ್ಣನ ಕಡೆ ತಿರುಗಿ, "ತರಕ್ಕೆ ನಿಮ್ಮ ತಮ್ಮನ್ನ ಮಾತ್ರ ಕಳಿಸ್ಬೇಡಿ!" ಎಂದರು.

ನಾನು ಒಂದನ್ನು ಬಿಚ್ಚಿ ದೀಪಕ್ಕೆ ಹಿಡಿದೆ. ಇನ್ನೊಂದಕ್ಕೆ ಕೈ ಚಾಚಿದೆ. ಸರಸ್ವತಿ ಬಿಚ್ಚಿದ ಕೊಡೆಯನ್ನು ಕಸಿದು, ಮಡಚಿ, ಪಾದುಕೆಗಳ ಪಕ್ಕದಲ್ಲಿಟ್ಟಳು.

"ಆದರೆ ಇದರ ಹಿಡಿಕೆ..."

"ಸಾಕು!"

ಅಣ್ಣನ ಮಾನ ಉಳಿಯಿತು. ಆ ದಿನ ನನಗೆ ವಹಿಸಿದ ಕೊನೆಯ ಕೆಲಸ, ಉಳಿದ ಕೊಡೆಯನ್ನು ಪಕ್ಕದ ಮನೆಗೆ ಮುಟ್ಟಿಸುವುದು. ಅದನ್ನು ತಕ್ಷಣ, ಲೋಪವಿಲ್ಲದೆ ಮುಗಿಸಿದೆ. ಇದ್ದದ್ದು ಒಂದೇ ಕೊಡೆ!