ದೀಪ ಹಚ್ಚಿದ ಮೇಲೆ ಗುಡಿಸದ ಮನೆಯಿಂದ ಕರ್ಲಿಂಗ್ ಕಲ್ಲಿಗೆ

ಮಾನ್ಯ ಕರ್ಲಿಂಗ್ ಕಲ್ಲಿನವರೇ,

ಗಂಗಾವತಿಯಲ್ಲಿ ಕಾಲೇಜು ಓದುವ ನಮ್ಮೂರ ಸುಕನ್ಯಾಳ ಕಂಪ್ಯೂಟರಿನೊಳಗೆ ಬಿಜಯಂಗೈದಿರುವ ತಮಗೆ ಹುಲಿಹೈದರದ ಅಂದಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಪ್ರತಾಪವನ್ನು ಮೊದಲು ಹೇಳಿದವಳು ಅವಳ ಅಜ್ಜಿ ಹುಲಿಗವ್ವ, ನಿನ್ನೆ ಸಂಜೆ, ನಮ್ಮ ಓಣಿಯ ಕಟ್ಟೆಯ ಮೇಲೆ.

ತಮ್ಮದು ಬಲು ಸಭ್ಯವಾದ ಆಟವೆಂದು ಕೇಳಿದೆ. ಮಂಜುಗಡ್ಡೆಯ ಮೇಲೆ ತಮ್ಮನ್ನು ಜಾರಿಬಿಡಬೇಕು, ಮುಂದೆ ಮುಂದೆ ಒಬ್ಬರು ಗುಡಿಸುತ್ತ ಹಾದಿ ನುಣುಪು ಮಾಡಬೇಕು, ತಾವು ಹೋಗಿ ದೂರದ ವೃತ್ತದೊಳಗೆ ಕೂಡಬೇಕು. ಮಂಜುಗಡ್ಡೆಯನ್ನು ಸೋಡಾ ಅಂಗಡಿಯಲ್ಲಷ್ಟೇ ಕಂಡ ಹುಡುಗಿ ತಮ್ಮ ವೇಗ, ತಿರುವು, ಘರ್ಷಣೆ ಎಲ್ಲವನ್ನೂ ಲೆಕ್ಕಹಾಕಿ, ಕಾಲೇಜಿನ ಪ್ರಾಜೆಕ್ಟಿಗೆಂದು ಕಂಪ್ಯೂಟರಿನಲ್ಲಿ ತಮಗೆ ಜೀವ ಕೊಟ್ಟಳು. ಬಸ್ಸಿಳಿದು ಮನೆಗೆ ಬಂದ ಮೇಲೆಯೇ ಅವಳಿಗೆ ಪುರುಸೊತ್ತು; ಹೀಗಾಗಿ ತಮ್ಮ ಪರೀಕ್ಷೆ ಸಂಜೆಯೇ ನಡೆಯುತ್ತಿತ್ತು. ಗುಡಿಸುವ ಬಟನ್ ಒತ್ತಲು ಹೇಳಿದರೆ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

“ದೀಪ ಹಚ್ಚೀನಿ. ಇನ್ನ ಕಸ ಹೊಡಿಯಂಗಿಲ್ಲ, ಲಕ್ಷ್ಮಿ ಹೊರಗ ಹೊಕ್ಕಾಳ.”

“ಆಯಿ, ಅದು ಕಂಪ್ಯೂಟರಿನ್ಯಾಗಿನ ಕಸಬರಿಗಿ.”

“ಕಂಪ್ಯೂಟರ್ ಯಾರ ಮನ್ಯಾಗ ಐತಿ?”

ಸಂಜೆ ಹೊತ್ತು ಸುಕನ್ಯಾಳಿಗೂ ಆ ಬಟನ್ ಮುಟ್ಟಲು ಅಜ್ಜಿ ಬಿಡಲಿಲ್ಲ. ಗುಡಿಸದ ಹಾದಿಯಲ್ಲಿ ತಾವು ನಡುವೆಯೇ ನಿಂತುಬಿಡುತ್ತಿದ್ದಿರಿ; ಸುಕನ್ಯಾ ದಿನಾ ಘರ್ಷಣೆಯನ್ನು ಒಂದಿಷ್ಟು ಇಳಿಸುತ್ತ ಹೋಗಿ, ಕೊನೆಗೆ ಗುಡಿಸದೆಯೇ ತಾವು ವೃತ್ತ ಮುಟ್ಟುವಂತೆ ಮಾಡಿದಳು. ನಿನ್ನೆ ಹಾಡಹಗಲು ಕಾಲೇಜಿನಲ್ಲಿ ಅವಳ ಸರ್ ಸ್ವತಃ ಬಟನ್ ಒತ್ತಿ ಭಕ್ತಿಯಿಂದ ಗುಡಿಸಿದರು. ತಾವು ವೃತ್ತ ದಾಟಿ ಪರದೆಯನ್ನೇ ಬಿಟ್ಟು ನಡೆದಿರಿ. ಅಂಥ ವೈರಾಗ್ಯ ಮಠದಲ್ಲೂ ಅಪರೂಪ. ನಾಳೆ ಸರಿಯಾಗಿ ನಿಲ್ಲಿಸಿ ತೋರಿಸದಿದ್ದರೆ ಅವಳ ಪ್ರಾಜೆಕ್ಟಿಗೆ ಸೊನ್ನೆ, ವರ್ಷವೂ ಹೋದಂತೆ.

ಆದ್ದರಿಂದ ತಾವು ಇನ್ನು ಮುಂದೆ ಹೊತ್ತು ಮುಳುಗಿದ್ದನ್ನು ಗುರುತಿಸಿ ತಾವಾಗಿಯೇ ಜಾರುವುದನ್ನು ಕಲಿಯಬೇಕು. ಇಲ್ಲವೇ ಲಕ್ಷ್ಮಿಯ ಒಪ್ಪಿಗೆಯನ್ನು ಬರಹದಲ್ಲಿ ತರಬೇಕು. ಅದೂ ಆಗದಿದ್ದರೆ ಹುಲಿಗವ್ವನ ಮನವೊಲಿಸಬೇಕು, ಊರಿನಲ್ಲಿ ಈವರೆಗೆ ಯಾರಿಂದಲೂ ಆಗದ ಕೆಲಸ.

ತಮ್ಮ ಉತ್ತರಕ್ಕೆ ನಮ್ಮವರು ಕಾಯಲಿಲ್ಲ. ಕಟ್ಟೆಯ ಮೇಲೆ ಕಥೆ ಕೇಳಿ ನಕ್ಕವರೆಲ್ಲ ಇಂದು ಮುಂಜಾನೆ ಹೊಲದ ಹಾದಿ ಬಿಟ್ಟು ಸುಕನ್ಯಾಳ ಪಡಸಾಲೆಯಲ್ಲಿ ಕೂತರು. ಬಟನ್ ಒತ್ತಿ ಯೂಸುಫ ಗುಡಿಸಿದ, ಓಬಳೆಪ್ಪ ಗುಡಿಸಿದ. “ಸರೀರಿ ಅತ್ಲಾಗ, ಬೆಳಗಾಗೇತಿ,” ಎಂದು ಹುಲಿಗವ್ವ ಎಲ್ಲರಿಗಿಂತ ಜೋರಾಗಿ ಗುಡಿಸಿದಳು. ಸುಕನ್ಯಾ ಪ್ರತಿ ಸಲ ಘರ್ಷಣೆಯನ್ನು ಒಂದಿಷ್ಟು ಏರಿಸಿದಳು. ಗಂಗಾವತಿ ಬಸ್ಸು ಬರುವ ಹೊತ್ತಿಗೆ ತಾವು ವೃತ್ತದ ನಟ್ಟನಡುವೆ ಕೂತಿರಿ. ನಾಳೆಯೂ ಅಲ್ಲೇ ಕೂಡುವ ಕೃಪೆಯಾಗಲಿ.

ತಮ್ಮ ವಿಶ್ವಾಸಿ, ನಾಳೆ ಮಧ್ಯಾಹ್ನದವರೆಗೆ ಮಾತ್ರ,
ಅಂದಪ್ಪ

ವಿ.ಸೂ.: ತಾವು ಮತ್ತೆ ಓಡಿಹೋದರೆ, ಹಿಡಿದು ತಂದು ಒರಳಿನಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ ಅರೆಯಲು ಹಚ್ಚುವುದಾಗಿ ಹುಲಿಗವ್ವ ತಿಳಿಸಿದ್ದಾಳೆ. ಅಲ್ಲಿ ಘರ್ಷಣೆಗೆ ಕೊರತೆಯಿಲ್ಲ.