ಕೆಳಗಿನ ಅಂತಸ್ತಿನ ಭಾರ

"ಲೇ ಲಖನ, ಒಂಬತ್ತನೇ ಇಯತ್ತಾ ದಾಟದವ ನನಗ ಭೂಕಂಪದ ಲೆಕ್ಕ ಕಲಸಾಕ ಬಂದೀಯೇನು? ಕರಣಿ ಹಿಡಿ, ಪೆನ್ಸಿಲ್ ನನಗ ಬಿಡು!"

ಎಂಜಿನಿಯರ್ ಸುರಜ ಹೀಗೆ ಕೂಗಿದ್ದು ಮನೆ ಕಟ್ಟಿಸುತ್ತಿದ್ದ ಬಾಳಾಸಾಬ, ಆರು ಮಂದಿ ಕೂಲಿಯವರು ಮತ್ತು ನೆರೆಮನೆಯ ತುಳಸವ್ವನ ಎದುರಿಗೆ. ತುಳಸವ್ವನ ಎದುರಿಗೆ ಬೈಯುವುದೆಂದರೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬೈದ ಹಾಗೆ. ಗೌಂಡಿ ಲಖನನ ಕಿವಿ ಇಸ್ತ್ರಿಪೆಟ್ಟಿಗೆಯಂತೆ ಕಾದವು.

ಜಗಳದ ಮೂಲ ಇಷ್ಟೇ. ಮನೆ ಏಳುತ್ತಿದ್ದದ್ದು ಇಳಿಜಾರಿನಲ್ಲಿ. ಮೇಲಿನ ರಸ್ತೆಯಿಂದ ಎಣಿಸಿದರೆ ಎರಡು ಅಂತಸ್ತು, ಕೆಳಗಿನ ಓಣಿಯಿಂದ ಮೂರು. ನಿಪ್ಪಾಣಿಯಿಂದ ಬೈಕಿನಲ್ಲಿ ಬರುವ ಸುರಜ ಮೇಲಿನ ರಸ್ತೆಯಿಂದ ಕೆಳಗೆ ಇಳಿದವನೇ ಅಲ್ಲ. ಕೆಳಗಿನ ಅಂತಸ್ತು ನೆಲದೊಳಗೆ ಹೂತಿದೆ, ಭೂಮಿ ನಡುಗಿದರೂ ಅದು ಮಣ್ಣಿನ ಜೊತೆಗೇ ಇರುತ್ತದೆ, ಭೂಕಂಪದ ಲೆಕ್ಕದಲ್ಲಿ ಅದರ ಭಾರ ಹಿಡಿಯುವುದು ಬೇಡ ಎಂದು ನಕ್ಷೆಯ ಮೇಲೆ ಬರೆದುಬಿಟ್ಟಿದ್ದ.

"ಸಾಹೇಬ್ರ, ಮೂರು ಕಡೆ ಮಣ್ಣು ಖರೆ. ಓಣಿ ಕಡೆ ಬರೇ ಗಾಳಿ ಐತ್ರಿ. ನಿನ್ನೆ ಸ್ಲ್ಯಾಬಿಗೆ ವೈಬ್ರೇಟರ್ ಹಚ್ಚಿದಾಗ ಆ ಕಡೀ ಕಂಬಕ್ಕ ಕೈ ಇಟ್ಟು ನೋಡೇನಿ. ಜ್ವರ ಬಂದವ್ರಂಗ ನಡಗಾಕತ್ತಿತ್ತು" ಎಂದಿದ್ದ ಲಖನ. ಅದಕ್ಕೇ ಈ ಮಂಗಳಾರತಿ.

ಲಖನ ಆಗಲೇ ಸುಮ್ಮನಾಗಬೇಕಿತ್ತು. ಮನೆಯ ತುದಿಗೆ, ಗಚ್ಚಿಯ ಮೇಲೆ ಬರಲಿದ್ದ ಒಂದು ಖೋಲಿಯನ್ನು, ಮನೆ ಕಾಯ್ದುಕೊಂಡು ಇರು ಎಂದು ಬಾಳಾಸಾಬ ಅವನಿಗೇ ಕೊಡುವವನಿದ್ದ. ಲಖನ ಮದುವೆಯಾಗಬೇಕೆಂದಿದ್ದ ಐನಾಪುರದ ಮಯೂರಿಯ ಅಪ್ಪ, "ಬ್ಯಾರೆ ಬಾಗಲಾ ಇರೋ ಖೋಲಿ ತೋರಸು, ಆಮ್ಯಾಲ ಲಗ್ನದ ಮಾತು" ಎಂದಿದ್ದ. ಮಯೂರಿ ಫೋನಿನಲ್ಲೇ ಗೋಡೆಗೆ ಗಿಳಿಹಸಿರು ಬಣ್ಣ ಆರಿಸಿಟ್ಟಿದ್ದಳು.

ಆದರೆ ಸಿಟ್ಟು ನೆತ್ತಿಗೇರಿತ್ತು. ಲಖನ ಸುರಜನ ಕೈ ಹಿಡಿದು ಕೆಳಗಿನ ಓಣಿಗೆ ಎಳೆತಂದ. ಎಷ್ಟು ಅಂತಸ್ತು ಎಂದು ಕೇಳಿದ್ದಕ್ಕೆ ಕೆಳಗಿನ ಓಣಿಯವರು "ಮೂರು!" ಎಂದರು. ಮೇಲಿನ ರಸ್ತೆಯವರು "ಎರಡ!" ಎಂದು ಕೂಗಿದರು. ಕೈ ಎತ್ತಿಸಿ ಎಣಿಸಿದರೆ, ನಡುವಿನ ಮೆಟ್ಟಿಲ ಮನೆಯ ಜಕ್ಕಪ್ಪ ಎರಡೂ ಕೈ ಎತ್ತಿ ನಿಂತಿದ್ದ.

ಲಖನ ತುಳಸವ್ವನ ಕಟ್ಟೆಯಿಂದ ಉಪ್ಪಿನಕಾಯಿ ಭರಣಿ ಎತ್ತಿಕೊಂಡ.

"ಲೇ ಭಾಡ್ಯಾ, ಅದು ನಮ್ಮವ್ವ ಕೊಟ್ಟಿದ್ದೈತಿ!" ಎಂದು ತುಳಸವ್ವ ಚೀರಿದಳು.

"ಒಂದ ಮಿನಿಟ್ ಆಯಿ!"

ಕಬ್ಬಿಣದ ಬುಟ್ಟಿಯಲ್ಲಿ ಉಸುಕು ತುಂಬಿ, ಭರಣಿಯನ್ನು ಕುತ್ತಿಗೆಯವರೆಗೆ ಹೂತು ಅಲುಗಾಡಿಸಿದ. ಭರಣಿ ಜಪಕ್ಕೆ ಕೂತಂತೆ ಕೂತಿತ್ತು. ಒಂದು ಕಡೆಯ ಉಸುಕು ಬಳಿದು ತೆಗೆದು ಮತ್ತೆ ಅಲುಗಾಡಿಸಿದ. ಭರಣಿ ಬುಡದಿಂದಲೇ ಕುಡುಕ ಬೀಗರಂತೆ ಓಲಾಡಿ, ಹೊರಗೆ ಹಾರಿ, ಚೂರಾಯಿತು. ಎಣ್ಣೆ ಸುರಜನ ಬಿಳಿ ಬೂಟಿನ ಮೇಲೆ ಹರಿಯಿತು.

ಸುರಜ ಬೂಟು ನೋಡಿದ, ಓಣಿ ಕಡೆಯ ಕಂಬ ನೋಡಿದ. ಹೋಗಿ ಕೂತು ಅರ್ಧ ತಾಸು ಕ್ಯಾಲ್ಕುಲೇಟರ್ ಒತ್ತಿ ಎದ್ದ. ಕೆಟ್ಟವನಲ್ಲ, ಎಲ್ಲರನ್ನೂ ಕರೆದೇ ಹೇಳಿದ: "ಲಖನ ಹೇಳಿದ್ದ ಬರೋಬರಿ. ಕೆಳಗಿನ ಓಣಿಯಿಂದನ ಭಾರ ಹಿಡೀಬೇಕು. ನಂದ ತಪ್ಪಾತು."

ಓಣಿ ಚಪ್ಪಾಳೆ ತಟ್ಟಿತು. ಲಖನನ ಎದೆ ಒಂದು ಗೇಣು ಮುಂದೆ ಬಂತು.

"ಕಂಬ ಹಾಕಿ ಆಗ್ಯಾವಲ್ಲೋ ಮಾರಾಯಾ, ಈಗೇನ್ ಮಾಡೂದು?" ಬಾಳಾಸಾಬನ ಮುಖ ಬಾಡಿತ್ತು.

"ಭಾರ ಇಳಸೂದ್ರಿ. ತುದೀ ಭಾರಾನ ಮನೀನ್ನ ಹೆಚ್ಚು ಓಲಾಡಸ್ತೈತಿ. ಗಚ್ಚಿ ಮ್ಯಾಲಿನ ಖೋಲಿ ತಗದ್ರ ಲೆಕ್ಕ ಕೂಡ್ತೈತಿ" ಎಂದ ಸುರಜ.

"ಹತ್ತೇರಿ, ಅಷ್ಟೇನಾ! ನನ್ನ ಮನಿ ಉಳೀತು ತಗೋ."

ಸುರಜ ನಕ್ಷೆ ಹರಡಿ ಪೆನ್ಸಿಲ್ ಚಾಚಿದ. "ಬಾರಪಾ, ತಪ್ಪು ಹಿಡದಾಂವ ನೀನು. ಗೀರು ನೀನ ಹೊಡಿ."

ಮುಂಜಾನೆ ಸಿಗದ ಪೆನ್ಸಿಲ್ ಅದು. ನಕ್ಷೆಯಲ್ಲಿ ಖೋಲಿ ಉಗುರಿನಷ್ಟಿತ್ತು. ಮಯೂರಿಯ ಅಪ್ಪ ಕೇಳಿದ್ದ ಬೇರೆ ಬಾಗಿಲೂ ಬರೆದಿತ್ತು. ಎಲ್ಲರೂ ನೋಡುತ್ತಿದ್ದರು. ಲಖನ ಗೀರು ಎಳೆದ. ಗೌಂಡಿಯ ಕೈ, ನೆಟ್ಟಗೇ ಬಂತು.

"ಈಗರ ಸಮಾಧಾನ ಆತಿಲ್ಲೋ?" ಸುರಜ ಬೆನ್ನು ತಟ್ಟಿ ಕೇಳಿದ.

"ನನ್ನ ಭರಣಿ?" ಎಂದಳು ತುಳಸವ್ವ.

ಲಖನ ಪೆನ್ಸಿಲನ್ನು ನಕ್ಷೆಯ ಮೇಲಿಟ್ಟು, ಎಣ್ಣೆ ಹರಿದಿದ್ದ ಓಣಿಯಲ್ಲಿ ಕೆಳಗೆ ನಡೆದುಹೋದ.